ಆಲ್‌ಫ್ರೆಡ್ ಬಿನೆ: ಮಕ್ಕಳ ಕಲಿಕೆಗೆ ತಕ್ಕ ತಕ್ಕಡಿ ಹುಡುಕಿದವರು

ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಯನ್ನು ನೀವು ನೋಡಿದ್ದೀರಾ? ಸೊರಬ, ಶಿಕಾರಿಪುರ, ಸಾಗರದ ಕಡೆಯ ಮಕ್ಕಳಾದರೆ ಖಂಡಿತ ನೋಡಿರುತ್ತೀರಿ. ಅದರ ಮೇಲೆ ಒಂದು ಮೂಟೆ ಇಟ್ಟರೆ ಮುಳ್ಳು ಸರ್ರನೆ ತಿರುಗಿ ತೂಕ ತೋರಿಸುತ್ತದೆ. ಈಗ ಮೂಟೆ ಇಳಿಸಿ, ಒಂದೇ ಒಂದು ಕಾಳುಮೆಣಸನ್ನು ಅದರ ಮೇಲೆ ಇಡಿ. ಏನಾಯಿತು? ಮುಳ್ಳು ಅಲ್ಲಾಡಲೇ ಇಲ್ಲ. ಸೊನ್ನೆಯಲ್ಲೇ ನಿಂತಿದೆ.

ಹಾಗಾದರೆ ಕಾಳುಮೆಣಸಿಗೆ ತೂಕವೇ ಇಲ್ಲವೇ? ಇದೆ. ಅದನ್ನೇ ತೆಗೆದುಕೊಂಡು ಹೋಗಿ ಅಕ್ಕಸಾಲಿಗರ ಪುಟ್ಟ ತಕ್ಕಡಿಯಲ್ಲಿ ಇಟ್ಟರೆ ತಟ್ಟೆ ಕೆಳಗೆ ಬಾಗುತ್ತದೆ. ಕೊರತೆ ಇದ್ದದ್ದು ಕಾಳಿನಲ್ಲಿ ಅಲ್ಲ, ತಕ್ಕಡಿಯಲ್ಲಿ. ಮೂಟೆ ತೂಗಲು ಮಾಡಿದ ತಕ್ಕಡಿಗೆ ಕಾಳಿನ ತೂಕ ತಿಳಿಯುವುದಿಲ್ಲ, ಅಷ್ಟೆ.

ಇನ್ನೊಂದು ದೃಶ್ಯ. ಸೊರಬ ತಾಲ್ಲೂಕಿನ ಹೊಸಬಾಳೆ ಎಂಬ ಊರಿನಲ್ಲಿ ಒಂದು ತರಗತಿಯನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ. ಪರೀಕ್ಷೆ ನಡೆಯುತ್ತಿದೆ. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದಾರೆ. ಕಿಟಕಿಯ ಪಕ್ಕ ಕುಳಿತ ಹುಡುಗಿಯೊಬ್ಬಳು ಮಾತ್ರ ಪ್ರಶ್ನೆಪತ್ರಿಕೆಯನ್ನು ಮಡಚುತ್ತಾಳೆ, ಬಿಡಿಸುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಮಾತೂ ಕೆಲವೇ ಕೆಲವು. ಉತ್ತರ ಪತ್ರಿಕೆ ಖಾಲಿ. ಗಣಿತಕ್ಕೆ ಸಿಕ್ಕಿದ್ದು ಸೊನ್ನೆ.

ಮಧ್ಯಾಹ್ನ ಬಿಸಿಯೂಟದ ಗಂಟೆ ಬಾರಿಸುತ್ತದೆ. ಅದೇ ಹುಡುಗಿ ತಟ್ಟೆಗಳನ್ನು ತಂದು, ಸಾಲಾಗಿ ಕುಳಿತ ಒಬ್ಬೊಬ್ಬರ ಮುಂದೆ ಒಂದೊಂದು ಇಡುತ್ತಾ ಹೋಗುತ್ತಾಳೆ. ಯಾರಿಗೂ ಎರಡಿಲ್ಲ, ಯಾರಿಗೂ ತಪ್ಪಿಲ್ಲ. ಕೊನೆಗೆ ಒಂದು ತಟ್ಟೆ ಕಡಿಮೆಯಾದರೆ ಅಡುಗೆ ಕೋಣೆಗೆ ಹೋಗಿ ಒಂದನ್ನೇ ತರುತ್ತಾಳೆ.

ಮಕ್ಕಳೇ, ಇದು ಗಣಿತವೇ ಅಲ್ಲವೇ? ಒಬ್ಬರಿಗೆ ಒಂದು ಎಂದು ಹೊಂದಿಸುವುದೇ ಎಣಿಕೆಯ ಮೊದಲ ಮೆಟ್ಟಿಲು. ಆದರೆ ಆ ಮೆಟ್ಟಿಲನ್ನು ಅಳೆಯುವ ಪ್ರಶ್ನೆ ಪತ್ರಿಕೆಯಲ್ಲಿ ಇರಲಿಲ್ಲ. ಮೂಟೆಯ ತಕ್ಕಡಿಗೆ ಕಾಳು ಕಾಣಲಿಲ್ಲ.

ಹಾಗಾದರೆ ಇಂಥ ಮಕ್ಕಳ ಕಲಿಕೆಯನ್ನು ತೂಗುವ ತಕ್ಕಡಿ ಎಲ್ಲಿದೆ? ನೂರು ವರ್ಷಕ್ಕೂ ಹಿಂದೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬ ವಿಜ್ಞಾನಿಯ ಕತೆ ಇದು. ಅವರ ಹೆಸರು ಆಲ್‌ಫ್ರೆಡ್ ಬಿನೆ. ಬನ್ನಿ, ಅವರ ಬದುಕನ್ನು ತಿಳಿಯೋಣ.

ವಕೀಲಿಕೆ ಬಿಟ್ಟ ಯುವಕ

ಆಲ್‌ಫ್ರೆಡ್ ಹುಟ್ಟಿದ್ದು 1857ರ ಜುಲೈ 8ರಂದು, ನೀಸ್ ಎಂಬ ಸಮುದ್ರ ತೀರದ ಊರಿನಲ್ಲಿ. ಆ ಊರು ಈಗ ಫ್ರಾನ್ಸ್ ದೇಶದಲ್ಲಿದೆ. ತಂದೆ ವೈದ್ಯರು, ತಾಯಿ ಚಿತ್ರ ಕಲಾವಿದೆ. ಆಲ್‌ಫ್ರೆಡ್ ಇನ್ನೂ ಚಿಕ್ಕವನಿದ್ದಾಗಲೇ ತಂದೆ ತಾಯಿ ಬೇರೆಯಾದರು. ಅವನು ತಾಯಿಯ ಆಸರೆಯಲ್ಲಿ ಬೆಳೆದ. ಮುಂದೆ ಓದಿಗಾಗಿ ಪ್ಯಾರಿಸ್ ನಗರಕ್ಕೆ ಬಂದ.

1878ರಲ್ಲಿ ಕಾನೂನು ಪದವಿ ಪಡೆದರೂ ವಕೀಲಿಕೆ ಅವರಿಗೆ ಹಿಡಿಸಲಿಲ್ಲ. ವೈದ್ಯಕೀಯ ಓದಲು ಹೊರಟು ಅದನ್ನೂ ಅರ್ಧಕ್ಕೆ ಬಿಟ್ಟರು. ಆಮೇಲೆ ಪ್ಯಾರಿಸ್ಸಿನ ದೊಡ್ಡ ಗ್ರಂಥಾಲಯದಲ್ಲಿ ಕುಳಿತು ಪುಸ್ತಕದ ಮೇಲೆ ಪುಸ್ತಕ ಓದತೊಡಗಿದರು. ಅಲ್ಲಿ ಅವರ ಮನಸ್ಸನ್ನು ಸೆಳೆದದ್ದು ಮನೋವಿಜ್ಞಾನ. ನಾವು ಹೇಗೆ ನೋಡುತ್ತೇವೆ, ಹೇಗೆ ನೆನಪಿಡುತ್ತೇವೆ, ಹೇಗೆ ಯೋಚಿಸುತ್ತೇವೆ ಎಂದು ತಿಳಿಸುವ ವಿಜ್ಞಾನ ಅದು. ಆಗ ಅದು ಇನ್ನೂ ಎಳೆಯ ವಿಜ್ಞಾನವಾಗಿತ್ತು.

ತಪ್ಪು ಕಲಿಸಿದ ಪಾಠ

ವಿಜ್ಞಾನಿಗಳು ತಪ್ಪೇ ಮಾಡುವುದಿಲ್ಲ ಎಂದು ನೀವು ಅಂದುಕೊಂಡಿದ್ದೀರಾ? ಬಿನೆ ತಮ್ಮ ಹರೆಯದಲ್ಲೇ ಒಂದು ದೊಡ್ಡ ತಪ್ಪು ಮಾಡಿದರು.

ಅವರು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಎಂಬ ಪ್ರಸಿದ್ಧ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲ ಅದು. ರೋಗಿಗಳ ದೇಹದ ಬಳಿ ಅಯಸ್ಕಾಂತ ಹಿಡಿದರೆ ಅವರ ರೋಗಲಕ್ಷಣ ಎಡಭಾಗದಿಂದ ಬಲಭಾಗಕ್ಕೆ ಸರಿಯುತ್ತದೆ ಎಂದು ಬಿನೆ ಮತ್ತು ಅವರ ಜೊತೆಗಾರರು ಪ್ರಕಟಿಸಿದರು. ಬೆಲ್ಜಿಯಂ ದೇಶದ ಡೆಲ್ಬೆಫ್ ಎಂಬ ವಿಜ್ಞಾನಿಗೆ ಅನುಮಾನ ಬಂತು. ಅವರು ಸ್ವತಃ ಆಸ್ಪತ್ರೆಗೆ ಬಂದು ಪ್ರಯೋಗವನ್ನು ಕಣ್ಣಾರೆ ನೋಡಿದರು. ರೋಗಿಗಳ ಎದುರಿಗೇ ಅಯಸ್ಕಾಂತದ ಮಾತು ನಡೆಯುತ್ತಿತ್ತು. ಏನಾಗಬೇಕೆಂದು ವೈದ್ಯರು ಬಯಸುತ್ತಿದ್ದಾರೆ ಎಂಬುದು ರೋಗಿಗಳಿಗೆ ಮೊದಲೇ ತಿಳಿಯುತ್ತಿತ್ತು. ಅವರು ಹಾಗೆಯೇ ನಡೆದುಕೊಳ್ಳುತ್ತಿದ್ದರು. ಅಯಸ್ಕಾಂತದ ಪಾತ್ರ ಏನೂ ಇರಲಿಲ್ಲ!

ಬಿನೆ ಮೊದಲು ವಾದ ಮಾಡಿದರು. ಕೊನೆಗೆ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡರು. ಅವಮಾನವಾಯಿತು, ನಿಜ. ಆದರೆ ಆ ಅವಮಾನದಿಂದ ಒಂದು ಪಾಠ ಕಲಿತರು. ಅಳೆಯುವವನ ಮನಸ್ಸಿನಲ್ಲಿ ಇರುವುದು ಅಳತೆಯೊಳಗೂ ನುಸುಳಿಬಿಡುತ್ತದೆ. ಆದ್ದರಿಂದ ಅಳೆಯುವಾಗ ನಮ್ಮನ್ನು ನಾವೇ ಕಾಯುತ್ತಿರಬೇಕು. ಈ ಪಾಠ ಅವರ ಜೊತೆ ಕೊನೆಯವರೆಗೂ ಇತ್ತು.

ಮನೆಯೇ ಪ್ರಯೋಗಾಲಯ

1884ರಲ್ಲಿ ಬಿನೆ ಅವರ ಮದುವೆಯಾಯಿತು. ಹೆಂಡತಿಯ ಹೆಸರು ಲೋರ್. ಅವರ ತಂದೆಯೂ ಹೆಸರಾಂತ ಜೀವವಿಜ್ಞಾನಿ. ಬಿನೆ ದಂಪತಿಗೆ ಇಬ್ಬರು ಹೆಣ್ಣುಮಕ್ಕಳು, ಮ್ಯಾಡಲೀನ್ ಮತ್ತು ಆಲಿಸ್. ಆಸ್ಪತ್ರೆ ಬಿಟ್ಟ ಬಿನೆ ಅವರಿಗೆ ಈ ಇಬ್ಬರು ಪುಟಾಣಿಗಳೇ ಗುರುಗಳಾದರು ಎಂದರೆ ತಪ್ಪಿಲ್ಲ.

ಅವರು ಮಕ್ಕಳ ಜೊತೆ ಸಣ್ಣ ಸಣ್ಣ ಆಟ ಆಡುತ್ತಿದ್ದರು. ಮೇಜಿನ ಮೇಲೆ ದೊಡ್ಡ ಬಿಲ್ಲೆಗಳ ಒಂದು ಗುಂಪು, ಸಣ್ಣ ಬಿಲ್ಲೆಗಳ ಇನ್ನೊಂದು ಗುಂಪು ಇಟ್ಟು, ಯಾವುದರಲ್ಲಿ ಹೆಚ್ಚು ಇವೆ ಎಂದು ಕೇಳುತ್ತಿದ್ದರು. ಎಣಿಸಲು ಬಾರದ ಪುಟ್ಟ ಮಗಳು ಹೆಚ್ಚು ಜಾಗ ಹಿಡಿದ ಗುಂಪನ್ನೇ ತೋರಿಸುತ್ತಿದ್ದಳು. ದೊಡ್ಡವರು ಇದನ್ನು ತಪ್ಪು ಉತ್ತರ ಎಂದು ಬಿಟ್ಟುಬಿಡಬಹುದಿತ್ತು. ಬಿನೆ ಬಿಡಲಿಲ್ಲ. ತಪ್ಪು ಉತ್ತರದ ಹಿಂದೆಯೂ ಒಂದು ಯೋಚನೆ ಇದೆ ಎಂದು ಅವರು ಕಂಡುಕೊಂಡರು. ಮಗು ಎಣಿಸುತ್ತಿಲ್ಲ, ಜಾಗವನ್ನು ಹೋಲಿಸುತ್ತಿದೆ!

ಇಬ್ಬರು ಮಕ್ಕಳೂ ಒಂದೇ ರೀತಿ ಇರಲಿಲ್ಲ. ಒಬ್ಬಳು ಕಣ್ಣಿಗೆ ಕಂಡದ್ದನ್ನು ಗಮನವಿಟ್ಟು ನೋಡಿ ಹೇಳುವವಳು. ಇನ್ನೊಬ್ಬಳು ಕಲ್ಪನೆಯಲ್ಲಿ ತೇಲುವವಳು. ಒಂದೇ ಮನೆ, ಒಂದೇ ಊಟ, ಆದರೂ ಎರಡು ಬಗೆಯ ಮನಸ್ಸು.

ಬಿನೆ ಲೆಕ್ಕದ ಪವಾಡ ಪುರುಷರನ್ನೂ ಪರೀಕ್ಷಿಸಿದರು. ಅವರಲ್ಲಿ ಒಬ್ಬ ಇನೋಡಿ. ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ ಇನೋಡಿ, ದೊಡ್ಡ ದೊಡ್ಡ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಿದ್ದ. ಅವನಿಗೆ ಸಂಖ್ಯೆಗಳು ಕಿವಿಯಲ್ಲಿ ಕೇಳಿಸಿದಂತೆ ನೆನಪಿರುತ್ತಿದ್ದವು. ದಿಯಮಾಂದಿ ಎಂಬ ಇನ್ನೊಬ್ಬನಿಗೆ ಸಂಖ್ಯೆಗಳು ಕಣ್ಣ ಮುಂದೆ ಬರೆದಂತೆ ಕಾಣುತ್ತಿದ್ದವು. ಇಬ್ಬರ ಉತ್ತರ ಒಂದೇ, ದಾರಿ ಬೇರೆ. ಬುದ್ಧಿ ಎಂಬುದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವಲ್ಲ ಎಂಬುದು ಬಿನೆ ಅವರಿಗೆ ಹೆಚ್ಚು ಹೆಚ್ಚು ಖಚಿತವಾಗುತ್ತಾ ಬಂತು.

ಈ ನಡುವೆ ಅವರು ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಯೋಗಾಲಯ ಸೇರಿದರು. 1894ರಲ್ಲಿ ಅದರ ನಿರ್ದೇಶಕರಾದರು. ಅದೇ ವರ್ಷ ಅವರಿಗೆ ಡಾಕ್ಟರೇಟ್ ಸಿಕ್ಕಿತು. ಯಾವ ವಿಷಯಕ್ಕೆ ಗೊತ್ತೇ? ಕೀಟಗಳ ನರಮಂಡಲಕ್ಕೆ!

ತಲೆ ದೊಡ್ಡದಾದರೆ ಬುದ್ಧಿ ಹೆಚ್ಚೇ?

ಆ ಕಾಲದಲ್ಲಿ ಹಲವು ವಿಜ್ಞಾನಿಗಳು ತಲೆಯ ಸುತ್ತಳತೆ ನೋಡಿ ಬುದ್ಧಿ ಹೇಳಬಹುದೆಂದು ನಂಬಿದ್ದರು. ಬಿನೆ ಕೂಡ ಅಳತೆ ಉಪಕರಣ ಹಿಡಿದು ಶಾಲೆಗಳಿಗೆ ಹೋದರು. ಚೆನ್ನಾಗಿ ಓದುವ ಮಕ್ಕಳ ತಲೆ, ಓದಿನಲ್ಲಿ ಹಿಂದಿರುವ ಮಕ್ಕಳ ತಲೆ ಎರಡನ್ನೂ ಅಳೆದರು. ವ್ಯತ್ಯಾಸ ಸಿಕ್ಕಿದ್ದು ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು!

ಆಗ ಹಳೆಯ ಪಾಠ ನೆನಪಾಯಿತು. ಈ ಮಗು ಹಿಂದುಳಿದವನು ಎಂದು ಮೊದಲೇ ಗೊತ್ತಿದ್ದರೆ ಕೈ ತನಗೆ ಅರಿವಿಲ್ಲದೆಯೇ ಸ್ವಲ್ಪ ಕಡಿಮೆ ಅಳೆಯಬಹುದಲ್ಲವೇ? ಬಿನೆ ತಮ್ಮ ಅಳತೆಯನ್ನೇ ಅನುಮಾನಿಸಿದರು. ತಮ್ಮ ಅನುಮಾನವನ್ನೂ ಬರೆದು ಪ್ರಕಟಿಸಿದರು. ಕೊನೆಗೆ ಆ ದಾರಿಯನ್ನೇ ಬಿಟ್ಟರು. ತಲೆಯ ಹೊರಗೆ ಅಳೆದು ಪ್ರಯೋಜನವಿಲ್ಲ. ಮಗು ಏನು ಮಾಡಬಲ್ಲದು ಎಂದು ನೋಡಬೇಕು ಎಂದು ತೀರ್ಮಾನಿಸಿದರು.

ಸರ್ಕಾರ ಕೇಳಿದ ಪ್ರಶ್ನೆ

ಫ್ರಾನ್ಸಿನಲ್ಲಿ 1882ರಲ್ಲಿ ಒಂದು ಕಾನೂನು ಬಂದಿತ್ತು. 6ರಿಂದ 13 ವರ್ಷದ ಎಲ್ಲ ಮಕ್ಕಳೂ ಕಲಿಯಲೇಬೇಕು ಎಂಬ ಕಾನೂನು ಅದು. ಎಲ್ಲ ಬಗೆಯ ಮಕ್ಕಳೂ ಶಾಲೆಗೆ ಬಂದರು. ಕೆಲವರಿಗೆ ಪಾಠ ಅರ್ಥವಾಗುತ್ತಿರಲಿಲ್ಲ. ಇವರಿಗೆ ಬೇರೆ ರೀತಿಯ ಸಹಾಯ ಬೇಕು ಎಂದು ಎಲ್ಲರಿಗೂ ಅನ್ನಿಸುತ್ತಿತ್ತು. ಆದರೆ ಯಾರಿಗೆ ಸಹಾಯ ಬೇಕು ಎಂದು ಗುರುತಿಸುವುದು ಹೇಗೆ?

ಶಿಕ್ಷಕರ ಮಾತನ್ನೇ ನಂಬೋಣವೇ? ತುಂಟ ಹುಡುಗನನ್ನು ದಡ್ಡ ಎಂದುಬಿಡಬಹುದು. ಕಿವಿ ಸರಿಯಾಗಿ ಕೇಳಿಸದ ಮಗುವನ್ನು ಬುದ್ಧಿ ಇಲ್ಲದವಳು ಎನ್ನಬಹುದು. ವೈದ್ಯರನ್ನು ಕೇಳೋಣವೇ? ಒಂದೇ ಮಗುವಿಗೆ ಒಬ್ಬ ವೈದ್ಯರು ಒಂದು ಹೆಸರು ಕೊಟ್ಟರೆ ಇನ್ನೊಬ್ಬರು ಮತ್ತೊಂದು ಹೆಸರು ಕೊಡುತ್ತಿದ್ದರು. ತಪ್ಪಾಗಿ ಹೆಸರು ಬಿದ್ದ ಮಗುವಿಗೆ ಆ ಹೆಸರು ಜೀವನಪೂರ್ತಿ ಅಂಟಿಕೊಳ್ಳುತ್ತಿತ್ತು.

1904ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಬಿನೆ ಅದರ ಸದಸ್ಯರಾದರು. ಅವರ ಜೊತೆಗೆ ಕೆಲಸಕ್ಕೆ ನಿಂತವರು ಥಿಯೊಡೋರ್ ಸಿಮೋನ್ ಎಂಬ ಯುವ ವೈದ್ಯರು. ಬೌದ್ಧಿಕ ಅಂಗವೈಕಲ್ಯ ಇದ್ದ ಮಕ್ಕಳ ಆರೈಕೆಯ ಸ್ಥಳದಲ್ಲಿ ಸಿಮೋನ್ ಕೆಲಸ ಮಾಡಿದ್ದರು. ಬೌದ್ಧಿಕ ಅಂಗವೈಕಲ್ಯ ಎಂದರೆ ಕಲಿಯುವುದು, ಯೋಚಿಸುವುದು, ದಿನನಿತ್ಯದ ಕೆಲಸ ಮಾಡಿಕೊಳ್ಳುವುದು ಇವುಗಳಲ್ಲಿ ಕಷ್ಟ ಇರುವ ಸ್ಥಿತಿ. ಅದು ರೋಗವಲ್ಲ, ಯಾರ ತಪ್ಪೂ ಅಲ್ಲ. ಕೆಲವರಲ್ಲಿ ಸ್ವಲ್ಪ, ಕೆಲವರಲ್ಲಿ ತೀವ್ರ.

ಮೂವತ್ತು ಮೆಟ್ಟಿಲುಗಳ ಏಣಿ

1905ರಲ್ಲಿ ಬಿನೆ ಮತ್ತು ಸಿಮೋನ್ ತಮ್ಮ ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ 30 ಅಂಶಗಳಿದ್ದವು. ಸುಲಭದಿಂದ ಕಷ್ಟಕ್ಕೆ, ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದರು. ಈ ಏಣಿಯ ವಿಶೇಷ ಇದ್ದದ್ದು ಅದರ ತುದಿಯಲ್ಲಿ ಅಲ್ಲ, ಬುಡದಲ್ಲಿ!

ಮೊದಲ ಮೆಟ್ಟಿಲು ಯಾವುದು ಗೊತ್ತೇ? ಉರಿಯುವ ಬೆಂಕಿಕಡ್ಡಿಯನ್ನು ಮಗುವಿನ ಕಣ್ಣ ಮುಂದೆ ನಿಧಾನವಾಗಿ ಆಡಿಸುವುದು. ಮಗು ಅದನ್ನು ಕಣ್ಣಿನಿಂದ ಹಿಂಬಾಲಿಸುತ್ತದೆಯೇ ಎಂದು ನೋಡುವುದು. ಅಷ್ಟೆ. ಓದಬೇಕಿಲ್ಲ, ಬರೆಯಬೇಕಿಲ್ಲ, ಮಾತೂ ಆಡಬೇಕಿಲ್ಲ. ಮುಂದಿನ ಮೆಟ್ಟಿಲುಗಳಲ್ಲಿ ವಸ್ತುವನ್ನು ಕೈಯಲ್ಲಿ ಹಿಡಿಯುವುದು, ಚಾಕೊಲೇಟ್ ತುಂಡು ಯಾವುದು ಮರದ ತುಂಡು ಯಾವುದು ಎಂದು ಗುರುತಿಸುವುದು. ಆಮೇಲೆ ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಮೂರು ಅಂಕಿಗಳನ್ನು ಕೇಳಿ ಮತ್ತೆ ಹೇಳುವುದು, ಎರಡು ಗೆರೆಗಳಲ್ಲಿ ಉದ್ದದ್ದು ಯಾವುದು ಎಂದು ತೋರಿಸುವುದು. ಇನ್ನೂ ಮೇಲೆ ನೊಣಕ್ಕೂ ಚಿಟ್ಟೆಗೂ ಏನು ವ್ಯತ್ಯಾಸ ಎಂಬಂಥ ಪ್ರಶ್ನೆಗಳು.

ಈಗ ನಮ್ಮ ಹುಡುಗಿಯನ್ನು ನೆನಪಿಸಿಕೊಳ್ಳಿ. ಶಾಲೆಯ ಪರೀಕ್ಷೆಯ ಮೊದಲ ಮೆಟ್ಟಿಲೇ ಅವಳ ಕೈಗೆ ಎಟುಕುತ್ತಿರಲಿಲ್ಲ. ಬಿನೆಯವರ ಏಣಿ ನೆಲದಿಂದಲೇ ಆರಂಭವಾಗುತ್ತದೆ. ಅದರ ಮುಂದೆ ಸೊನ್ನೆಗೆ ಕೆಲಸ ಕಡಿಮೆ. ತೀವ್ರ ಅಂಗವೈಕಲ್ಯ ಇರುವ ಮಗು ಕೂಡ ಎಲ್ಲಿಯವರೆಗೆ ಬಂದಿದೆ, ಮುಂದಿನ ಮೆಟ್ಟಿಲು ಯಾವುದು ಎಂದು ಅದು ತೋರಿಸುತ್ತದೆ. ಅಕ್ಕಸಾಲಿಗರ ತಕ್ಕಡಿ ಸಿಕ್ಕಿತಲ್ಲವೇ?

1908ರಲ್ಲಿ ಅವರು ಈ ಪರೀಕ್ಷೆಯನ್ನು ವಯಸ್ಸಿಗೆ ಅನುಗುಣವಾಗಿ ಮತ್ತೆ ಜೋಡಿಸಿದರು. ಬಹಳಷ್ಟು ಮಕ್ಕಳು ಯಾವ ವಯಸ್ಸಿಗೆ ಏನು ಮಾಡುತ್ತಾರೆ ಎಂದು ಮೊದಲು ನೋಡಿದರು. 3 ವರ್ಷದ ಮಗು ಮೂಗು, ಕಣ್ಣು, ಬಾಯಿ ತೋರಿಸುತ್ತದೆ. 5 ವರ್ಷದ ಮಗು ಚೌಕದ ಚಿತ್ರವನ್ನು ನೋಡಿ ಬರೆಯುತ್ತದೆ, ನಾಲ್ಕು ನಾಣ್ಯ ಎಣಿಸುತ್ತದೆ. 8 ವರ್ಷದ ಮಗು 20ರಿಂದ 0ವರೆಗೆ ಹಿಂದಕ್ಕೆ ಎಣಿಸುತ್ತದೆ. ಹೀಗೆ 3ರಿಂದ 13 ವರ್ಷದವರೆಗೆ. 1911ರಲ್ಲಿ ಇನ್ನೊಮ್ಮೆ ತಿದ್ದಿದರು.

ಅಳೆದರೆ ಸಾಲದು, ಕಲಿಸಬೇಕು

ಅಳೆದ ಮೇಲೆ ಮುಂದೇನು? ವೈದ್ಯರು ಜ್ವರ ನೋಡುವುದು ಏಕೆ? ಔಷಧಿ ಕೊಡಲು ತಾನೇ? ಬಿನೆ ಕೂಡ ಹಾಗೆಯೇ ಯೋಚಿಸಿದರು. ಬುದ್ಧಿ ಎಂದೂ ಬದಲಾಗದ ಅಳತೆ, ಹುಟ್ಟಿನಲ್ಲಿ ಎಷ್ಟು ಬಂತೋ ಅಷ್ಟೇ ಎಂದು ಹೇಳುವವರನ್ನು ಅವರು ಬಲವಾಗಿ ವಿರೋಧಿಸಿದರು. ಬುದ್ಧಿ ಹೊಲದ ಹಾಗೆ. ಉತ್ತು, ಗೊಬ್ಬರ ಹಾಕಿ, ನೀರು ಕಟ್ಟಿದರೆ ಬೆಳೆ ಹೆಚ್ಚುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

1905ರಲ್ಲೇ ಪ್ಯಾರಿಸ್ಸಿನ ಒಂದು ಪ್ರಾಥಮಿಕ ಶಾಲೆಯೊಳಗೆ ಅವರು ಒಂದು ಪುಟ್ಟ ಪ್ರಯೋಗಾಲಯ ತೆರೆದರು. ಆ ಶಾಲೆಯ ಮುಖ್ಯೋಪಾಧ್ಯಾಯ ವಾನೆ ಅವರ ಜೊತೆಗೂಡಿದರು. 1909ರಲ್ಲಿ ಫ್ರಾನ್ಸಿನಲ್ಲಿ ಇಂಥ ಮಕ್ಕಳಿಗಾಗಿ ವಿಶೇಷ ತರಗತಿಗಳ ಕಾನೂನು ಬಂತು.

ಆ ಮಕ್ಕಳಿಗೆ ಮೊದಲ ದಿನವೇ ಗಣಿತ, ವ್ಯಾಕರಣ ಕಲಿಸಬಾರದು, ಮೊದಲು ಕಲಿಯುವುದನ್ನೇ ಕಲಿಸಬೇಕು ಎಂದು ಬಿನೆ ಹೇಳುತ್ತಿದ್ದರು. ಅದಕ್ಕಾಗಿ ಆಟಗಳು ಇದ್ದವು. ಒಂದು ಆಟದಲ್ಲಿ ಗುರುಗಳು ಸೂಚನೆ ಕೊಟ್ಟ ಕೂಡಲೇ ಎಲ್ಲರೂ ಕಲ್ಲಿನ ವಿಗ್ರಹದಂತೆ ನಿಲ್ಲಬೇಕು. ಮೊದಲ ದಿನ ನಗು, ಗಲಾಟೆ. ದಿನ ಕಳೆದಂತೆ ಮಕ್ಕಳು ಹೆಚ್ಚು ಹೆಚ್ಚು ಹೊತ್ತು ಅಲ್ಲಾಡದೆ ನಿಲ್ಲುತ್ತಿದ್ದರು. ಹೀಗೆ ಗಮನ ಬಲಿಯುತ್ತಿತ್ತು. ಇದನ್ನು ಬಿನೆ ಮನಸ್ಸಿನ ವ್ಯಾಯಾಮ ಎಂದೇ ತಿಳಿದಿದ್ದರು.

ತಕ್ಕಡಿ ತಪ್ಪಾದ ಕೈಗೆ ಸಿಕ್ಕಾಗ

1911ರ ಅಕ್ಟೋಬರ್ 18ರಂದು ಬಿನೆ ತೀರಿಕೊಂಡರು. ಆಗ ಅವರಿಗೆ ಬರೇ 54 ವರ್ಷ. ಅವರ ಪರೀಕ್ಷೆ ಮಾತ್ರ ದೇಶದಿಂದ ದೇಶಕ್ಕೆ ಹೋಯಿತು.

ಆದರೆ ಒಂದು ದುಃಖದ ಮಾತನ್ನೂ ನಿಮಗೆ ಹೇಳಬೇಕು. ಚಾಕುವಿನಿಂದ ಹಣ್ಣನ್ನೂ ಹೆಚ್ಚಬಹುದು, ಕೈಯನ್ನೂ ಕೊಯ್ದುಕೊಳ್ಳಬಹುದು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಎಂಬುವರು ಬುದ್ಧಿಯನ್ನು ಒಂದೇ ಅಂಕಿಯಲ್ಲಿ ಹೇಳುವ ದಾರಿ ತೋರಿಸಿದರು. ಅಮೆರಿಕದಲ್ಲಿ ಟರ್ಮನ್ ಎಂಬುವರು 1916ರಲ್ಲಿ ಬಿನೆ ಪರೀಕ್ಷೆಯನ್ನು ತಿದ್ದಿ ಬೆಳೆಸಿದರು. ಅದು ಬುದ್ಧಿಸೂಚ್ಯಂಕ ಎಂದು ಜನಪ್ರಿಯವಾಯಿತು. ಸಹಾಯಕ್ಕಾಗಿ ಮಾಡಿದ ಪರೀಕ್ಷೆಯನ್ನು ಕೆಲವರು ಜನರ ಮೇಲೆ ಹಣೆಪಟ್ಟಿ ಹಚ್ಚಲು ಬಳಸಿದರು. ದೂರದ ದೇಶಗಳಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂದಿಳಿದ ಬಡವರಿಗೆ, ಅವರಿಗೆ ಪರಿಚಯವೇ ಇಲ್ಲದ ಪ್ರಶ್ನೆಗಳನ್ನು ಕೇಳಿ ಬುದ್ಧಿ ಕಡಿಮೆ ಎಂದು ಬರೆದರು. ಯೋಚಿಸಿ, ಪ್ಯಾರಿಸ್ಸಿನ ಬೀದಿಯನ್ನು ಕಾಣದ ನಿಮಗೆ ಆ ಬೀದಿಯ ಬಗ್ಗೆ ಪ್ರಶ್ನೆ ಕೇಳಿದರೆ ಉತ್ತರ ಬಂದೀತೇ? ಅಂದಮಾತ್ರಕ್ಕೆ ನಿಮಗೆ ಬುದ್ಧಿ ಇಲ್ಲವೇ?

ಕನ್ನಡಕ್ಕೆ ಬಂದ ಬಿನೆ

ಈ ತೊಡಕನ್ನು ನಮ್ಮವರೊಬ್ಬರು ಚೆನ್ನಾಗಿ ಅರಿತಿದ್ದರು. ಅವರು ಶಿಕ್ಷಣತಜ್ಞ ವಿ. ವಿ. ಕಾಮತ್. ಆಗ ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಕಾಮತರು ಬಿನೆ ಪರೀಕ್ಷೆಯನ್ನು ಹೊಸದಾಗಿ ರೂಪಿಸಿದರು. ಬರೇ ಭಾಷಾಂತರ ಮಾಡಿದರೆ ಸಾಲದು. ನಮ್ಮ ಮಕ್ಕಳು ಕಂಡ ವಸ್ತು, ಆಡುವ ಮಾತು ಅದರಲ್ಲಿ ಇರಬೇಕು. ನಮ್ಮ ಮಕ್ಕಳನ್ನೇ ಪರೀಕ್ಷಿಸಿ ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂದು ಗೊತ್ತುಮಾಡಬೇಕು. ಈ ಕೆಲಸವನ್ನು ಅವರು 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಇದನ್ನು ನಮ್ಮ ದೇಶದಲ್ಲಿ ಬಹಳ ಕಾಲ ಬಳಸಿದ್ದಾರೆ.

ಅಂಗವೈಕಲ್ಯ ಇರುವವರ ಬಗೆಗಿನ ಕಾಳಜಿ ನಮ್ಮ ನೆಲಕ್ಕೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನೀವು ಪ್ರವಾಸ ಹೋಗಿರಬಹುದು. ಅಲ್ಲಿನ ಕೋಡಿಯಮಠ ದೊಡ್ಡ ವಿದ್ಯಾಕೇಂದ್ರವಾಗಿತ್ತು. 1162ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ಅಲ್ಲಿ ಹಲವು ಶಾಸ್ತ್ರಗಳ ಪಾಠ ನಡೆಯುತ್ತಿತ್ತು. ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆ ಊಟ ಸಿಗುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಜಾಗವಿತ್ತು. ಪಾಠದ ಪಂಕ್ತಿಯಲ್ಲೂ ಎಲ್ಲರಿಗೂ ಜಾಗ ಮಾಡುವುದು ನಮ್ಮ ಕಾಲದ ಕೆಲಸ.

ಈಗ ಏನಾಗುತ್ತಿದೆ?

1997ರಲ್ಲಿ ಅಮೆರಿಕದ ಕಾನೂನು ಒಂದು ಹೊಸ ಮಾತು ಹೇಳಿತು. ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳನ್ನು ಪರೀಕ್ಷೆಯಿಂದ ಹೊರಗಿಡಬಾರದು, ಅವರಿಗೆ ಪರ್ಯಾಯ ಪರೀಕ್ಷೆ ಇರಬೇಕು ಎಂದಿತು. ಹೊರಗಿಟ್ಟರೆ ಏನಾಗುತ್ತದೆ? ಪರೀಕ್ಷೆ ಇಲ್ಲದ ಮಗುವಿಗೆ ಪಾಠವೂ ತಪ್ಪಿಹೋಗಬಹುದು. ಅದಕ್ಕಾಗಿ ಈ ನಿಯಮ. ಹಾಗೆಯೇ, ಕಲಿಸುವ ಕಷ್ಟ ತಪ್ಪಿಸಿಕೊಳ್ಳಲು ಬೇರೆ ಮಕ್ಕಳನ್ನೂ ಸುಲಭದ ಪರೀಕ್ಷೆಗೆ ತಳ್ಳಬಾರದಲ್ಲವೇ? ಆದ್ದರಿಂದ ಒಂದೊಂದು ರಾಜ್ಯದಲ್ಲಿ, ಒಂದೊಂದು ವಿಷಯದಲ್ಲಿ ಪರೀಕ್ಷೆ ಬರೆಯುವ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಇದಕ್ಕೆ ಸೇರಬಾರದು ಎಂದು 2015ರ ಕಾನೂನು ಮಿತಿ ಹಾಕಿತು.

ಪರ್ಯಾಯ ಪರೀಕ್ಷೆ ಎಂದರೆ ಬೇರೆ ಪಾಠವಲ್ಲ. ಪಾಠ ಅದೇ, ಕೇಳುವ ರೀತಿ ಬೇರೆ. ಒಂದು ಉದಾಹರಣೆ ನೋಡೋಣ. ವಿಜ್ಞಾನದಲ್ಲಿ ಸಸ್ಯದ ಭಾಗಗಳ ಪಾಠ ನಡೆದಿದೆ. ನೀವು ಬೇರು, ಕಾಂಡ, ಎಲೆಯ ಕೆಲಸಗಳನ್ನು ಬರೆಯುತ್ತೀರಿ. ನಮ್ಮ ಹುಡುಗಿಯ ಮುಂದೆ ಕಿತ್ತು ತಂದ ಒಂದು ಭತ್ತದ ಸಸಿ ಇಡುತ್ತಾರೆ. ಬೇರು ಯಾವುದು ಎಂದರೆ ಅವಳು ಮುಟ್ಟಿ ತೋರಿಸುತ್ತಾಳೆ. ಮಾತಾಡಲು ಬಾರದಿದ್ದರೆ ಚಿತ್ರ ಆರಿಸಬಹುದು, ಕಣ್ಣಿನಿಂದಲೇ ತೋರಿಸಬಹುದು. ಶಿಕ್ಷಕರು ಫೋಟೊ ತೆಗೆದು, ವರ್ಷವಿಡೀ ಅವಳ ಕೆಲಸಗಳನ್ನು ಒಂದು ಕಡತದಲ್ಲಿ ಸೇರಿಸಿಡಬಹುದು.

ನಮ್ಮ ದೇಶದಲ್ಲೂ ಇಂಥ ಅಳತೆಪಟ್ಟಿಗಳಿವೆ. 1984ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆಯೊಂದು ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ವಿಶೇಷ ಶಿಕ್ಷಕರಿಗಾಗಿ ಒಂದು ಪಟ್ಟಿ ಸಿದ್ಧಪಡಿಸಿತು. ಅದರಲ್ಲಿ ಬರುತ್ತದೆ, ಬರುವುದಿಲ್ಲ ಎಂಬ ಎರಡೇ ಗುರುತುಗಳಿಲ್ಲ. ತಾನಾಗಿಯೇ ಮಾಡುತ್ತಾಳೆ, ಬಾಯಲ್ಲಿ ಹೇಳಿದರೆ ಮಾಡುತ್ತಾಳೆ, ಕೈ ಹಿಡಿದರೆ ಮಾಡುತ್ತಾಳೆ ಎಂದು ಬೇರೆ ಬೇರೆ ಗುರುತುಗಳಿವೆ. ಕಳೆದ ವರ್ಷ ಕೈ ಹಿಡಿಯಬೇಕಿತ್ತು, ಈ ವರ್ಷ ಹೇಳಿದರೆ ಸಾಕು. ಇದು ಪ್ರಗತಿ! ಹಳೆಯ ತಕ್ಕಡಿಯಲ್ಲಿ ಎರಡೂ ವರ್ಷ ಸೊನ್ನೆಯೇ ಆಗಿರುತ್ತಿತ್ತು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಈ ಮಕ್ಕಳಿಗೆ ತಕ್ಕಂತೆ ಪಾಠಕ್ರಮವನ್ನೂ ಪರೀಕ್ಷೆಯನ್ನೂ ಮಾರ್ಪಡಿಸಬೇಕು ಎಂದಿದೆ. ಹೆಚ್ಚು ಸಮಯ ಕೊಡುವುದು, ಬರೆಯಲು ಸಹಾಯಕರನ್ನು ಕೊಡುವುದು ಇದರಲ್ಲಿ ಸೇರಿದೆ. ಶಾಲೆಗೆ ಬರಲು ಆಗದಷ್ಟು ತೀವ್ರ ಅಂಗವೈಕಲ್ಯ ಇದ್ದರೆ ಮನೆಯಲ್ಲೇ ಕಲಿಯುವ ಹಕ್ಕೂ ಇದೆ. ಕಾನೂನು ದಾರಿ ತೋರಿಸಿದೆ. ಪ್ರತಿ ತರಗತಿಯಲ್ಲೂ ಆ ದಾರಿಯಲ್ಲಿ ನಡೆಯುವುದು ಇನ್ನೂ ಬಾಕಿ ಇರುವ ಕೆಲಸ. ಅದರಲ್ಲಿ ನಿಮ್ಮ ಪಾಲೂ ಇದೆ.

ಏನು ಪಾಲು ಎನ್ನುತ್ತೀರಾ? ನಿಮ್ಮ ತರಗತಿಯಲ್ಲಿ ನಿಧಾನವಾಗಿ ಕಲಿಯುವ ಗೆಳೆಯನೋ ಗೆಳತಿಯೋ ಇದ್ದರೆ ಅವರಿಗೆ ಏನು ಬರುವುದಿಲ್ಲ ಎಂದು ಎಣಿಸಬೇಡಿ. ಬಿನೆಯವರಂತೆ ಗಮನವಿಟ್ಟು ನೋಡಿ. ಅವರಿಗೆ ಬರುವ ಮೂರು ಕೆಲಸ ನಿಮಗೆ ಕಂಡರೆ ನಿಮ್ಮ ಗುರುಗಳಿಗೆ ಹೇಳಿ. ಅಲ್ಲಿಂದಲೇ ಮುಂದಿನ ಪಾಠ ಆರಂಭವಾಗಬಹುದು. ಅಡಿಕೆ ಮೂಟೆಯ ತಕ್ಕಡಿಗೆ ಕಾಣದಿದ್ದರೇನು? ಕಾಳುಮೆಣಸು ಚಿಕ್ಕದು, ಅದರ ಖಾರ ಚಿಕ್ಕದಲ್ಲ!

ನೀವೂ ಮಾಡಿ ನೋಡಿ

1. ಮೇಜಿನ ಮೇಲೆ 10 ಅಡಿಕೆಗಳ ಒಂದು ಗುಂಪು, 12 ಹುಣಸೆ ಬೀಜಗಳ ಇನ್ನೊಂದು ಗುಂಪು ಮಾಡಿ. ಬೀಜಗಳನ್ನು ಒತ್ತಾಗಿ ಇಡಿ. ಇನ್ನೂ ಎಣಿಸಲು ಬಾರದ ನಿಮ್ಮ ತಮ್ಮ ಅಥವಾ ತಂಗಿಗೆ ಯಾವ ಗುಂಪಿನಲ್ಲಿ ಹೆಚ್ಚು ಇವೆ ಎಂದು ಕೇಳಿ. ಉತ್ತರ ತಪ್ಪಾದರೆ ನಗಬೇಡಿ. ಆ ಉತ್ತರ ಏಕೆ ಬಂತು ಎಂದು ಯೋಚಿಸಿ.

2. ತರಗತಿಯವರೆಲ್ಲ ಸೇರಿ ವಿಗ್ರಹದ ಆಟ ಆಡಿ. ಎಷ್ಟು ಸೆಕೆಂಡು ಅಲ್ಲಾಡದೆ ನಿಂತಿರಿ ಎಂದು ಒಂದು ವಾರ ಪ್ರತಿದಿನ ಬರೆದಿಡಿ. ನಿಮ್ಮ ಅಂಕಿಯನ್ನು ಗೆಳೆಯರ ಅಂಕಿಯ ಜೊತೆ ಹೋಲಿಸಬೇಡಿ. ನಿಮ್ಮದೇ ಮೊದಲ ದಿನದ ಅಂಕಿಯ ಜೊತೆ ಹೋಲಿಸಿ.

3. ಗೋಡೆಗೆ ಹಚ್ಚಿದ ಎತ್ತರದ ಪಟ್ಟಿಯಲ್ಲಿ 100 ಸೆಂಟಿಮೀಟರಿನಿಂದ ಮೇಲಕ್ಕೆ ಮಾತ್ರ ಗುರುತುಗಳಿವೆ. 92 ಸೆಂಟಿಮೀಟರ್ ಎತ್ತರದ ಮಗು ಅಲ್ಲಿ ನಿಂತರೆ ಪಟ್ಟಿ ಏನು ಹೇಳುತ್ತದೆ? ಪಟ್ಟಿಯನ್ನು ಹೇಗೆ ಸರಿಪಡಿಸುತ್ತೀರಿ? ಬರೆದು ನಿಮ್ಮ ಗುರುಗಳಿಗೆ ತೋರಿಸಿ.